ಹೆಬ್ಬಾವಿನ ಕಾಯಿಲೆ, ಪೆಟ್ಟಿಗೆಯ ಚರಿತ್ರೆ

ಹೆಬ್ಬಾವು ಸಾಕಿದವರು ಪಶುವೈದ್ಯರ ಮುಂದಿಡುವ ದೂರುಗಳು ಯಾವ ದೇಶದಲ್ಲಾದರೂ ಹೆಚ್ಚುಕಡಿಮೆ ಒಂದೇ. ಎರಡು ತಿಂಗಳಾಯಿತು, ಇಲಿ ಮುಟ್ಟುತ್ತಿಲ್ಲ. ಪೊರೆ ಇಡಿಯಾಗಿ ಕಳಚದೆ ಚೂರುಚೂರಾಗಿ ಮೈಗೆ ಅಂಟಿಕೊಂಡಿದೆ. ಉಸಿರಾಡಿದರೆ ಗೊರಗೊರ ಸದ್ದು, ಬಾಯಲ್ಲಿ ಲೋಳೆ. ರಾತ್ರಿಯೆಲ್ಲ ಗಾಜಿಗೆ ಮೂತಿ ಉಜ್ಜಿ ಗಾಯ ಮಾಡಿಕೊಂಡಿದೆ. ತಲೆ ಹಿಂದಕ್ಕೆ ತಿರುಚಿ ಆಕಾಶ ನೋಡುತ್ತ ಹಾಗೇ ನಿಂತುಬಿಡುತ್ತದೆ. ಇವುಗಳಲ್ಲಿ ಕೆಲವು ನಿಜವಾದ ಕಾಯಿಲೆ, ಕೆಲವು ಕಾಯಿಲೆಯೇ ಅಲ್ಲ. ಎರಡನ್ನೂ ಹಾವಿನ ಲೆಕ್ಕಕ್ಕೆ ಬರೆದು ಮುಗಿಸುವುದು ವಾಡಿಕೆ. ನನ್ನ ವಾದ ಬೇರೆ. ಸಾಕು ಹೆಬ್ಬಾವಿನ ಕಾಯಿಲೆಗಳನ್ನು ಒಂದೊಂದಾಗಿ ಹಿಡಿದು ಹಿಂದಕ್ಕೆ ಹೋದರೆ, ಕೊನೆಗೆ ನಾವು ತಲುಪುವುದು ಅದನ್ನು ಸಾಕಿದ ಪೆಟ್ಟಿಗೆಯ ಬಳಿಗೆ, ಪೆಟ್ಟಿಗೆಯನ್ನು ಊರಿಂದೂರಿಗೆ ಸಾಗಿಸಿದ ವ್ಯಾಪಾರದ ಬಳಿಗೆ. ಆ ಪೆಟ್ಟಿಗೆಗೂ ಒಂದು ಚರಿತ್ರೆ ಇದೆ. ಅದು ತಿಳಿಯದೆ ಹಾವಿನ ನಡವಳಿಕೆಯನ್ನು ಓದಲು ಹೊರಟರೆ ತಪ್ಪು ಓದುವುದೇ ಹೆಚ್ಚು.

ಪೆಟ್ಟಿಗೆ ಇಲ್ಲದೆಯೂ ಮನುಷ್ಯ ಹೆಬ್ಬಾವಿನ ಜೊತೆ ಬದುಕಿದ್ದುಂಟು. ಪಶ್ಚಿಮ ಆಫ್ರಿಕಾದ ಬೆನಿನ್ ದೇಶದ ಕರಾವಳಿಯಲ್ಲಿ ವೀಡಾ ಎಂಬ ಪಟ್ಟಣವಿದೆ. ಒಂದು ಕಾಲಕ್ಕೆ ಗುಲಾಮರನ್ನು ಹಡಗಿಗೇರಿಸುತ್ತಿದ್ದ ದೊಡ್ಡ ಬಂದರು ಅದು. ಡಚ್ ವರ್ತಕ ವಿಲೆಮ್ ಬಾಸ್‌ಮನ್ ಗಿನಿ ಕರಾವಳಿಯ ಬಗ್ಗೆ ಬರೆದು 1704ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅಲ್ಲಿಯ ಹಾವಿನ ಆರಾಧನೆಯ ವಿವರಗಳಿವೆ. ಹಾವು ಮನೆಯೊಳಗೆ ಬಂದರೆ ಯಾರೂ ಹೊಡೆಯುವಂತಿಲ್ಲ. ಕೊಂದವನಿಗೆ ಘೋರ ಶಿಕ್ಷೆ. ಹಂದಿಯೊಂದು ಹಾವನ್ನು ತಿಂದಿತೆಂದು ಆ ನಾಡಿನ ಹಂದಿಗಳನ್ನೆಲ್ಲ ಕೊಲ್ಲಲು ಆಜ್ಞೆಯಾಯಿತು ಎಂದೂ ಅವನು ಬರೆದಿದ್ದಾನೆ. ವೀಡಾದ ಹೆಬ್ಬಾವಿನ ಗುಡಿ ಇಂದಿಗೂ ಇದೆ. ಅದರೊಳಗಿರುವುದು ಗಿಡ್ಡನೆಯ, ದಪ್ಪ ಮೈಯ, ಕಂದುಕಪ್ಪು ಮಚ್ಚೆಗಳ ರಾಯಲ್ ಪೈಥಾನ್. ಹೆದರಿದರೆ ತಲೆಯನ್ನು ಸುರುಳಿಯ ನಡುವೆ ಬಚ್ಚಿಟ್ಟುಕೊಂಡು ಉಂಡೆಯಾಗುವುದರಿಂದ ಅಮೆರಿಕದವರು ಇದನ್ನೇ ಬಾಲ್ ಪೈಥಾನ್ ಅಂದರು. ಗುಡಿಯ ಹಾವುಗಳನ್ನು ಆಗಾಗ ಹೊರಗೆ ಬಿಡುತ್ತಾರೆ. ಅವು ಊರಿನ ಸಂದಿಗೊಂದಿಗಳಲ್ಲಿ ಬೇಟೆಯಾಡುತ್ತವೆ, ಕಂಡವರು ಎತ್ತಿಕೊಂಡು ಬಂದು ಗುಡಿಗೆ ಸೇರಿಸುತ್ತಾರೆ. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಮನೆಗಳಲ್ಲಿ ಸಾಕುತ್ತಿರುವ ಹೆಬ್ಬಾವು ಇದೇ ಜಾತಿ. ಅದರ ಬಹುಪಾಲು ಹೊರಟದ್ದೂ ಇದೇ ಕರಾವಳಿಯಿಂದ. ವೀಡಾದ ಆರಾಧನೆಯನ್ನು ಆದರ್ಶವೆಂದು ಎತ್ತಿ ಹಿಡಿಯಲು ಇದನ್ನು ಹೇಳುತ್ತಿಲ್ಲ. ಬಿಸಿಲು, ಬಿಲ, ತೇವ, ಬೇಟೆ ಇವೆಲ್ಲ ಹಾವಿನ ಆಯ್ಕೆಗೇ ಉಳಿದಿದ್ದ ಒಂದು ಸಹವಾಸ ಇತ್ತು ಎನ್ನುವುದನ್ನು ನೆನಪಿಡಬೇಕು, ಅಷ್ಟೆ.

ಯೂರೋಪಿಗೆ ಹೋದ ಹೆಬ್ಬಾವಿಗೆ ಮೊದಲು ಎದುರಾದದ್ದು ಚಳಿ. ಹಾವಿನ ಮೈ ಸಾಮಾನ್ಯವಾಗಿ ತನ್ನ ಶಾಖವನ್ನು ತಾನೇ ಹುಟ್ಟಿಸಿಕೊಳ್ಳುವುದಿಲ್ಲ. ಹೊರಗಿನ ಶಾಖವೇ ಅದರ ಜೀರ್ಣಶಕ್ತಿ, ಅದರ ರೋಗನಿರೋಧಕ ಶಕ್ತಿ. ಶಾಖ ಸಾಲದಿದ್ದರೆ ನುಂಗಿದ ಇಲಿ ಹೊಟ್ಟೆಯಲ್ಲೇ ಕೊಳೆಯುತ್ತದೆ, ಶ್ವಾಸಕೋಶದಲ್ಲಿ ಕಫ ಕಟ್ಟುತ್ತದೆ. ಈ ತಿಳಿವು ಇಲ್ಲದ ಕಾಲದಲ್ಲಿ ಊರೂರು ಅಲೆಯುವ ಪ್ರಾಣಿ ಪ್ರದರ್ಶನಗಳವರು ಹಾವನ್ನು ಮರದ ಪೆಟ್ಟಿಗೆಯಲ್ಲಿಟ್ಟು ಕಂಬಳಿ ಸುತ್ತುತ್ತಿದ್ದರು. ಮನುಷ್ಯನಿಗೆ ಕಂಬಳಿ ಬೆಚ್ಚಗಾಗುವುದು ಅವನ ಮೈಯ ಶಾಖವನ್ನೇ ಅದು ಹಿಡಿದಿಡುವುದರಿಂದ. ತಣ್ಣಗಿನ ಹಾವಿಗೆ ಕಂಬಳಿ ಹೊದಿಸಿದರೆ ಒಳಗೆ ಉಳಿಯುವುದು ತಂಪೇ. ಲಂಡನ್ ಮೃಗಾಲಯ 1849ರಲ್ಲಿ ಸರೀಸೃಪಗಳಿಗೆಂದೇ ಪ್ರತ್ಯೇಕ ಮನೆಯೊಂದನ್ನು ತೆರೆಯಿತು. ಆ ಬಗೆಯ ಮನೆ ಜಗತ್ತಿನಲ್ಲಿ ಅದೇ ಮೊದಲನೆಯದು. ಅಲ್ಲಿಗೂ ಕಂಬಳಿಯ ರೂಢಿ ಹಿಂಬಾಲಿಸಿತು. ತೆರೆದ ಸ್ವಲ್ಪ ಕಾಲದಲ್ಲೇ ಅಲ್ಲಿನ ಬೋವಾ ಹಾವೊಂದು ಬೇಟೆಯ ಜೊತೆಗೆ ತನ್ನ ಕಂಬಳಿಯನ್ನೂ ನುಂಗಿ, ವಾರಗಳ ಮೇಲೆ ಅದನ್ನು ಕಕ್ಕಿತು. ಆಗಿನವರು ಅದನ್ನು ಹಾವಿನ ದಡ್ಡತನಕ್ಕೆ ಸಾಕ್ಷಿಯೆಂದು ಮತ್ತೆ ಮತ್ತೆ ಹೇಳಿಕೊಂಡರು. ಬೇಟೆಯ ವಾಸನೆ ಹತ್ತಿದ ವಸ್ತುವನ್ನು ಹಾವು ನುಂಗುವುದು ಸಹಜ. ಪೆಟ್ಟಿಗೆಯೊಳಗೆ ಕಂಬಳಿ ಇದ್ದದ್ದು ಸಹಜವಲ್ಲ. ಇಲ್ಲಿಂದ ಮುಂದೆ ಈ ಚರಿತ್ರೆಯ ಉದ್ದಕ್ಕೂ ಇದೇ ಮಾದರಿ ಕಾಣುತ್ತದೆ: ಪೆಟ್ಟಿಗೆಯ ಕೊರತೆ, ಹಾವಿನ ಮೇಲೆ ಆರೋಪ.

ಈ ಮಾದರಿಯ ಅತ್ಯಂತ ಪಾಠದಾಯಕ ಪ್ರಸಂಗ ಪ್ಯಾರಿಸ್ಸಿನದು. ಲಾಮಾರ್-ಪಿಕೋ ಎಂಬ ಫ್ರೆಂಚ್ ಪ್ರಯಾಣಿಕ ಬಂಗಾಳದಲ್ಲಿ ಓಡಾಡಿ ಊರಿಗೆ ಮರಳಿದವನು, ಭಾರತದ ದೊಡ್ಡ ಹಾವೊಂದು ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ ಕಾವಿಗೆ ಕೂರುತ್ತದೆ, ಆಗ ಅದರ ಮೈ ಬೆಚ್ಚಗಿರುತ್ತದೆ ಎಂದು 1832ರಲ್ಲಿ ವಿಜ್ಞಾನ ಅಕಾಡೆಮಿಗೆ ತಿಳಿಸಿದ. ಆ ಕಾಲದ ಸರೀಸೃಪ ವಿಜ್ಞಾನದ ದೊಡ್ಡ ಹೆಸರು ಡುಮೆರಿಲ್. ಹಾವಿನ ರಕ್ತ ತಣ್ಣಗಿನದು, ಅದು ಕಾವು ಕೊಡುವುದೆಂದರೇನು ಎಂದು ಅವರು ಆ ಮಾತನ್ನು ತಳ್ಳಿಹಾಕಿದರು. ಒಂಬತ್ತು ವರ್ಷಗಳ ನಂತರ, 1841ರಲ್ಲಿ, ಪ್ಯಾರಿಸ್ಸಿನ ಪ್ರಾಣಿ ಸಂಗ್ರಹದಲ್ಲೇ ಏಷ್ಯಾದ ಹೆಣ್ಣು ಹೆಬ್ಬಾವೊಂದು 15 ಮೊಟ್ಟೆ ಇಟ್ಟು, ಅವುಗಳನ್ನು ಒಂದು ಕಡೆ ಗುಡ್ಡೆ ಮಾಡಿ, ಸುತ್ತಲೂ ಸುರುಳಿ ಸುತ್ತಿ, ಸುರುಳಿಯ ಮೇಲೆ ಗೋಪುರದ ಕಲಶದಂತೆ ತಲೆಯಿಟ್ಟು ಕೂತಿತು. ವಾಲೆನ್ಸಿಯೆನ್ ಎಂಬ ವಿಜ್ಞಾನಿ ಸುರುಳಿಗಳ ನಡುವೆ ಥರ್ಮಾಮೀಟರ್ ತೂರಿಸಿ ದಿನದಿನದ ಶಾಖ ಬರೆದುಕೊಂಡರು. ಸುತ್ತಲಿನ ಗಾಳಿಗಿಂತ ಅಲ್ಲಿ ಎಷ್ಟೋ ಡಿಗ್ರಿ ಹೆಚ್ಚು ಶಾಖವಿತ್ತು. ಎಂಟು ವಾರಗಳ ಕಾಲ ತಾಯಿ ಕದಲಲಿಲ್ಲ. ನೀರು ಕುಡಿಯಿತು, ಆಹಾರ ಮುಟ್ಟಲಿಲ್ಲ. 8 ಮರಿಗಳು ಹೊರಬಂದವು. ಮುಂದೆ 1966ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಹಾವಿನ ಮೇಲೆ ನಡೆದ ಪ್ರಯೋಗ ಆ ಶಾಖದ ಮೂಲವನ್ನು ತೋರಿಸಿತು. ತಾಯಿ ಹಾವು ತನ್ನ ಸ್ನಾಯುಗಳನ್ನು ಲಯಬದ್ಧವಾಗಿ ಬಿಗಿದು ಸಡಿಲಿಸಿ ಮೈಯೆಲ್ಲ ಅದುರಿಸುತ್ತದೆ. ಸುತ್ತಲಿನ ಗಾಳಿ ತಣ್ಣಗಾದಷ್ಟೂ ಆ ಅದುರು ಜೋರಾಗುತ್ತದೆ. ಇದು ಹೆಬ್ಬಾವಿನ ಎಲ್ಲ ಜಾತಿಗಳಲ್ಲೂ ಇಲ್ಲ. ಬಾಲ್ ಪೈಥಾನ್ ಮೊಟ್ಟೆಗಳನ್ನು ಸುತ್ತಿ ಕೂರುತ್ತದೆ, ಹೀಗೆ ಶಾಖ ಹುಟ್ಟಿಸುವುದಿಲ್ಲ.

ಈ ಪ್ರಸಂಗವನ್ನು ಮುಂದಿಟ್ಟು ಒಂದು ಆಕ್ಷೇಪ ಎತ್ತಬಹುದು. ಹಾವನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದರಿಂದಲೇ ಅಲ್ಲವೇ ಈ ಸತ್ಯ ಹೊರಬಿದ್ದದ್ದು? ಅಳೆದು ಖಚಿತಪಡಿಸಿದ ಕೀರ್ತಿ ಪ್ಯಾರಿಸ್ಸಿನದೇ, ಅದನ್ನು ಕಿತ್ತುಕೊಳ್ಳುವ ಅಗತ್ಯವಿಲ್ಲ. ಆದರೆ ಲಾಮಾರ್-ಪಿಕೋ ಒಂಬತ್ತು ವರ್ಷ ಮುಂಚೆಯೇ ಹೇಳಿದ್ದು ಹಾವಿನ ನಾಡಿನಲ್ಲಿ ಕಂಡು ಕೇಳಿದ ಮಾತು. ಪೆಟ್ಟಿಗೆಯ ಹಾವನ್ನಷ್ಟೇ ನೋಡಿದವರಿಗೆ ಅದು ಅಸಂಭವವಾಗಿ ಕಂಡಿತು. ಈ ಪ್ರಸಂಗದಲ್ಲಿ ಇಂದಿನವರಿಗೂ ಬೇಕಾದ ಇನ್ನೊಂದು ಸಂಗತಿ ಇದೆ. ಎಂಟು ವಾರ ಕದಲದ, ತಿನ್ನದ, ಮೈ ಅದುರಿಸುವ ಹಾವು ಸಂಪೂರ್ಣ ಆರೋಗ್ಯವಾಗಿತ್ತು. ಇವೇ ಮೂರು ಲಕ್ಷಣಗಳನ್ನು ಸಂದರ್ಭ ಬಿಟ್ಟು ಹೇಳಿದರೆ ಕೇಳಿದವರು ಗಾಬರಿಯಾದಾರು.

ಉಪವಾಸದ ವಿಷಯದಲ್ಲಿ ಆ ಗಾಬರಿ ಕ್ರೌರ್ಯದವರೆಗೂ ಹೋಯಿತು. 20ನೆಯ ಶತಮಾನದ ಆರಂಭದಲ್ಲಿ ಬ್ರಾಂಕ್ಸ್ ಮೃಗಾಲಯದ ಸರೀಸೃಪ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ರೇಮಂಡ್ ಡಿಟ್‌ಮಾರ್ಸ್. ಹಾವುಗಳನ್ನು ನಿಜವಾಗಿ ಪ್ರೀತಿಸಿದ, ಅವುಗಳ ಬಗ್ಗೆ ಜನಕ್ಕಿದ್ದ ಹೆದರಿಕೆಯನ್ನು ತಗ್ಗಿಸಲು ದುಡಿದ ಮನುಷ್ಯ. ಅಂಥವರ ಕೈಕೆಳಗೂ, ತಿನ್ನಲೊಲ್ಲದ ಹೆಬ್ಬಾವನ್ನು ಸಾಲಾಗಿ ನಿಂತ ಆಳುಗಳು ನೆಟ್ಟಗೆ ಹಿಡಿದು, ಬಾಯಿ ತೆರೆಸಿ, ಸತ್ತ ಪ್ರಾಣಿಗಳನ್ನು ಗಳದಿಂದ ಗಂಟಲೊಳಕ್ಕೆ ದೂಡುವ ಪದ್ಧತಿ ಇತ್ತು. ಪ್ರಾಣಿ ಸಾಯಬಾರದೆಂಬ ಕಾಳಜಿಯಿಂದಲೇ ಅದನ್ನು ಮಾಡುತ್ತಿದ್ದರು. ಸೆರೆಗೆ ಬಂದ ಹಾವು ಹೆದರಿ ಅನ್ನ ಬಿಟ್ಟರೆ, ಹತ್ತು ಕೈಗಳು ಸೇರಿ ಅದನ್ನು ಅಮುಕುವುದು ಆ ಹೆದರಿಕೆಗೆ ಔಷಧವಲ್ಲ ಎಂದು ಒಪ್ಪಿಕೊಳ್ಳಲು ಇನ್ನೂ ಹಲವು ದಶಕ ಹಿಡಿಯಿತು. ಹೆಬ್ಬಾವಿನ ಹೊಟ್ಟೆ ನಮ್ಮ ಹೊಟ್ಟೆಯಂತೆ ದಿನವೂ ದುಡಿಯುವ ಅಂಗವಲ್ಲ. 1990ರ ದಶಕದಲ್ಲಿ ಅಮೆರಿಕದ ಸ್ಟೀಫನ್ ಸೀಕರ್ ಮತ್ತು ಜೇರೆಡ್ ಡೈಮಂಡ್ ಬರ್ಮಾದ ಹೆಬ್ಬಾವಿನ ಮೇಲೆ ನಡೆಸಿದ ಸಂಶೋಧನೆಗಳು ಇದನ್ನು ಸ್ಪಷ್ಟಪಡಿಸಿದವು. ಊಟವಿಲ್ಲದ ದಿನಗಳಲ್ಲಿ ಹಾವು ಕರುಳನ್ನೇ ಕುಗ್ಗಿಸಿ ಖರ್ಚು ಉಳಿಸುತ್ತದೆ. ಬೇಟೆ ನುಂಗಿದೊಡನೆ ಕರುಳು, ಯಕೃತ್ತು, ಮೂತ್ರಪಿಂಡಗಳೆಲ್ಲ ದಪ್ಪಗಾಗಿ ಕೆಲಸಕ್ಕೆ ನಿಲ್ಲುತ್ತವೆ. 2005ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದ ಪ್ರಕಾರ ಊಟವಾದ 48 ಗಂಟೆಗಳಲ್ಲಿ ಹೃದಯದ ಕೆಳಕೋಣೆಯ ತೂಕವೇ ಶೇ. 40ರಷ್ಟು ಏರುತ್ತದೆ. ಹೀಗೆ ಕಟ್ಟಿಕೊಂಡ ದೇಹಕ್ಕೆ ತಿಂಗಳ ಉಪವಾಸ ಬದುಕಿನ ಒಂದು ಭಾಗ.

ಕಾಡಿನಲ್ಲಿ ನಡೆದ ಅಧ್ಯಯನಗಳೂ ಇದನ್ನೇ ಬೆಂಬಲಿಸುತ್ತವೆ. ರಾಜಸ್ಥಾನದ ಭರತಪುರದ ಕೇವಲಾದೇವ ಉದ್ಯಾನದಲ್ಲಿ ಎಸ್. ಭೂಪತಿ ಮತ್ತು ವಿ. ಎಸ್. ವಿಜಯನ್ ನಮ್ಮ ಹೆಬ್ಬಾವಿನ ಬಗ್ಗೆ ನಡೆಸಿ 1989ರಲ್ಲಿ ಪ್ರಕಟಿಸಿದ ಕೆಲಸ ಈ ವಿಷಯದಲ್ಲಿ ಭಾರತದ ಆಧಾರ ಗ್ರಂಥದಂತಿದೆ. ಚಳಿಗಾಲದಲ್ಲಿ ಹಾವುಗಳು ಮುಳ್ಳುಹಂದಿ ತೋಡಿದ ಬಿಲಗಳನ್ನು ಆಶ್ರಯಿಸಿ, ಹಗಲು ಬಿಲದ ಬಾಯಲ್ಲಿ ಬಿಸಿಲು ಕಾಯಿಸಿ, ಮತ್ತೆ ಒಳಗೆ ಸರಿಯುತ್ತವೆ. ಆಫ್ರಿಕಾದ ನೈಜೀರಿಯಾದಲ್ಲಿ ಲೂಕಾ ಲುಯಿಸೆಲ್ಲಿ ಮತ್ತು ಸಂಗಡಿಗರು 1998ರಲ್ಲಿ ವರದಿ ಮಾಡಿದಂತೆ, ಕಾಡಿನ ಬಾಲ್ ಪೈಥಾನ್ 70 ಸೆಂಟಿಮೀಟರಿಗಿಂತ ಚಿಕ್ಕದಿದ್ದಾಗ ಹೆಚ್ಚಾಗಿ ಹಕ್ಕಿಗಳನ್ನು ತಿನ್ನುತ್ತದೆ. ಒಂದು ಮೀಟರ್ ದಾಟಿದ ಮೇಲಷ್ಟೇ ಇಲಿ ಹೆಗ್ಗಣಗಳು ಅದರ ಮುಖ್ಯ ಆಹಾರ. ಅಂಗಡಿಯಿಂದ ತಂದ ಮರಿಗೆ ಮೊದಲ ದಿನದಿಂದ ಬಿಳಿ ಇಲಿಯನ್ನೇ ತೋರಿಸಿ, ಅದು ಮುಖ ತಿರುಗಿಸಿದರೆ ಹಟಮಾರಿ ಎನ್ನುವವರಿಗೆ ಈ ಸಂಗತಿ ತಿಳಿದಿರಬೇಕು. ಗಂಡು ಹಾವು ಬೆದೆಯ ಕಾಲದಲ್ಲಿ, ಯಾವ ಹಾವಾದರೂ ಪೊರೆ ಬಿಡುವ ಮುನ್ನ, ಹೊಸ ಜಾಗಕ್ಕೆ ಬಂದ ವಾರಗಳಲ್ಲಿ ತಿನ್ನುವುದನ್ನು ನಿಲ್ಲಿಸುತ್ತದೆ. ಚಿಂತಿಸಬೇಕಾದದ್ದು ಎಷ್ಟು ದಿನ ತಿನ್ನಲಿಲ್ಲ ಎಂಬುದಕ್ಕಲ್ಲ, ತೂಕ ಎಷ್ಟು ಇಳಿಯಿತು ಎಂಬುದಕ್ಕೆ. ಆರು ತಿಂಗಳು ತಿನ್ನದೆಯೂ ತೂಕ ಕಾಯ್ದುಕೊಂಡ ಹಾವಿಗಿಂತ, ವಾರವಾರ ತಿನ್ನುತ್ತಲೇ ಬೆನ್ನುಮೂಳೆ ಎದ್ದು ಕಾಣುವ ಹಾವಿಗೆ ವೈದ್ಯರು ತುರ್ತಾಗಿ ಬೇಕು.

1970ರ ದಶಕದಿಂದೀಚೆಗೆ ಪೆಟ್ಟಿಗೆಯ ಗಾತ್ರ ಕಿರಿದಾಯಿತು, ವ್ಯಾಪಾರದ ಗಾತ್ರ ಹಿಗ್ಗಿತು. ಮೃಗಾಲಯದ ಹಾವು ಅಮೆರಿಕ ಯೂರೋಪುಗಳ ಮಲಗುವ ಕೋಣೆಗೆ ಬಂತು. ಘಾನಾ, ಟೋಗೊ, ಬೆನಿನ್‌ಗಳಲ್ಲಿ ಬೇಟೆಗಾರರು ಬೇಸಗೆಯ ತಿಂಗಳುಗಳಲ್ಲಿ ಇಲಿಬಿಲ, ಹುತ್ತಗಳನ್ನು ಅಗೆದು ಬಸಿರಾದ ಹೆಣ್ಣುಗಳನ್ನೂ ಕಾವಿಗೆ ಕೂತ ಮೊಟ್ಟೆಗಳನ್ನೂ ತರುತ್ತಾರೆ. ಮೊಟ್ಟೆಗಳು ಮರಿಯಾದ ಮೇಲೆ ಅವನ್ನು ವಿಮಾನದಲ್ಲಿ ರಫ್ತು ಮಾಡುತ್ತಾರೆ; ತಾಯಿ ಹಾವುಗಳನ್ನು ಕಾಡಿಗೆ ಮರಳಿ ಬಿಡಬೇಕೆಂಬುದು ನಿಯಮ. ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ದಾಖಲೆಗಳ ಪ್ರಕಾರ 1975ರಿಂದ ಈಚೆಗೆ ಪಶ್ಚಿಮ ಆಫ್ರಿಕಾದಿಂದ ಹೊರಟ ಜೀವಂತ ಬಾಲ್ ಪೈಥಾನ್‌ಗಳ ಸಂಖ್ಯೆ 30 ಲಕ್ಷ ದಾಟುತ್ತದೆ. ಬಟ್ಟೆಚೀಲದಲ್ಲಿ ಒಂದರ ಮೇಲೊಂದು ತುಂಬಿ ಬಂದ ಹಾವು ಉಣ್ಣಿ, ಜಂತು, ಬಾಯಿಹುಣ್ಣುಗಳ ಸಮೇತ ಬರುತ್ತಿತ್ತು. ಗುಂಡುಸೂಜಿಯ ತಲೆಯಷ್ಟು ಗಾತ್ರದ, ಹುರುಪೆಗಳ ಸಂದಿಯಲ್ಲಿ ಕೂತು ರಕ್ತ ಹೀರುವ ಹಾವಿನ ನುಸಿ ಈ ಸಾಗಣೆಯ ದಾರಿಯಲ್ಲೇ ಖಂಡ ಖಂಡಗಳ ಸಂಗ್ರಹಗಳಿಗೆ ಹಬ್ಬಿತು. ಕೊಂಡವರ ಮನೆಯಲ್ಲಿ ಗಾಜಿನ ತೊಟ್ಟಿ, ಅದರೊಳಗೆ ವಿದ್ಯುತ್ತಿನಿಂದ ಕಾಯುವ ಕಲ್ಲು. ತುಟಿಯ ಮೇಲಿನ ಗುಳಿಗಳಿಂದ ದೂರದ ಇಲಿಯ ಮೈಶಾಖವನ್ನು ಪತ್ತೆಹಚ್ಚುವ ಹಾವು, ಹೊಟ್ಟೆಯಡಿಯ ಕಲ್ಲು ಸುಡುತ್ತಿದ್ದರೂ ಕದಲದೆ ಬೆಂದು ಹೋದ ಎಷ್ಟೋ ಪ್ರಕರಣಗಳು ಪಶುವೈದ್ಯರ ಪುಸ್ತಕಗಳಲ್ಲಿವೆ. ಕಾಡಿನಲ್ಲಿ ಶಾಖ ಮೇಲಿನಿಂದ, ಬಿಸಿಲಿನಿಂದ ಬರುತ್ತದೆ. ಸುತ್ತಲೂ ತಣ್ಣಗಿದ್ದು ಹೊಟ್ಟೆಯ ಕೆಳಗೆ ಒಂದೇ ಜಾಗ ಸುಡುವ ಸ್ಥಿತಿ ಅದರ ಅನುಭವದಲ್ಲಿ ಇರುವಂಥದ್ದಲ್ಲ.

ಇಷ್ಟು ಹೇಳಿದ ಮೇಲೆ ಬಲವಾದ ಆಕ್ಷೇಪವೊಂದನ್ನು ಎದುರಿಸಲೇಬೇಕು. ಎಲ್ಲವನ್ನೂ ಸಾಕಣೆಯ ದೋಷಕ್ಕೆ ಕಟ್ಟಿದರೆ, ಶಾಖ, ತೇವ, ಶುಚಿ ಎಲ್ಲವನ್ನೂ ಸರಿಯಾಗಿ ಪಾಲಿಸಿದವರ ಹಾವುಗಳು ಸತ್ತದ್ದೇಕೆ? ಈ ಪ್ರಶ್ನೆಗೆ ಕಾರಣವಿದೆ. 1970ರ ದಶಕದ ನಡುವಿನಿಂದ ಅಮೆರಿಕದ ಸಂಗ್ರಹಗಳಲ್ಲಿ ಬೋವಾ ಮತ್ತು ಹೆಬ್ಬಾವುಗಳಿಗೆ ಒಂದು ವಿಚಿತ್ರ ಕಾಯಿಲೆ ಕಾಣಿಸಿಕೊಂಡಿತು. ಹಾವು ಕತ್ತನ್ನು ಹಿಂದಕ್ಕೆ ಬಗ್ಗಿಸಿ ಮೇಲೆ ನೋಡುತ್ತ ಸ್ತಬ್ಧವಾಗುತ್ತಿತ್ತು. ಅಂಗಾತ ಮಾಡಿದರೆ ಮತ್ತೆ ಹೊರಳಿಕೊಳ್ಳಲಾಗುತ್ತಿರಲಿಲ್ಲ. ತನ್ನ ಮೈಯನ್ನೇ ಗಂಟು ಹಾಕಿಕೊಳ್ಳುತ್ತಿತ್ತು. ಬೋವಾಗಳು ತಿಂದದ್ದನ್ನು ಕಕ್ಕುತ್ತ ತಿಂಗಳುಗಳ ಕಾಲ ಸವೆದರೆ, ಹೆಬ್ಬಾವುಗಳು ವಾರಗಳಲ್ಲಿ ಸಾಯುತ್ತಿದ್ದವು. ಸತ್ತ ಹಾವಿನ ಜೀವಕೋಶಗಳಲ್ಲಿ ಸೂಕ್ಷ್ಮದರ್ಶಕದಡಿ ದುಂಡನೆಯ ಕಣಗಳು ಕಾಣುತ್ತಿದ್ದುದರಿಂದ ಅದಕ್ಕೆ ಇನ್‌ಕ್ಲೂಷನ್ ಬಾಡಿ ಡಿಸೀಸ್ ಎಂಬ ಹೆಸರು ಬಿತ್ತು. ಕಾರಣ ತಿಳಿಯಲು ಮೂರು ದಶಕಕ್ಕೂ ಹೆಚ್ಚು ಹಿಡಿಯಿತು. 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾರ್ಕ್ ಸ್ಟೆಂಗ್ಲೈನ್, ಜೋಸೆಫ್ ಡಿರೀಸಿ ಮತ್ತು ಸಂಗಡಿಗರು ರೋಗಿ ಹಾವುಗಳಲ್ಲಿ ಅರೀನಾವೈರಸ್ ಗುಂಪಿನ ಹೊಸ ವೈರಸ್‌ಗಳನ್ನು ಕಂಡರು. ಅಲ್ಲಿಯವರೆಗೆ ಆ ಗುಂಪಿನ ವೈರಸ್‌ಗಳು ಸಸ್ತನಿಗಳಲ್ಲಿ, ಮುಖ್ಯವಾಗಿ ಇಲಿಗಳಂಥ ದಂಶಕಗಳಲ್ಲಿ ಮಾತ್ರ ಗೊತ್ತಿದ್ದವು. ಈ ಕಾಯಿಲೆಗೆ ಇಂದಿಗೂ ಔಷಧವಿಲ್ಲ. ಹಾಗಾದರೆ ಇದು ಪೆಟ್ಟಿಗೆಯ ದೋಷವಲ್ಲ, ವೈರಸ್ಸಿನದು ಎನ್ನೋಣವೇ? ಉತ್ತರ 2022ರ ಒಂದು ಅಧ್ಯಯನದಲ್ಲಿ ಸಿಗುತ್ತದೆ. ಮಧ್ಯ ಅಮೆರಿಕದ ಕೋಸ್ಟರಿಕಾದ ಬೋವಾಗಳಲ್ಲಿ, ಅಂದರೆ ಅವುಗಳ ಸ್ವಂತ ನೆಲದಲ್ಲೇ, ಈ ರೋಗವಿದೆ ಎಂದು ಅದು ತೋರಿಸಿತು. ಅಲ್ಲಿಯ ಬೋವಾ, ಘಾನಾದ ಹುತ್ತದ ಹೆಬ್ಬಾವು, ಬರ್ಮಾದ ಹೆಬ್ಬಾವು ಇವು ಮೂರೂ ಒಂದೇ ಉಸಿರನ್ನು ಹಂಚಿಕೊಳ್ಳುವುದು ನಿಸರ್ಗದಲ್ಲಿ ಸಾಧ್ಯವಿರಲಿಲ್ಲ. ಅವು ಸಂಧಿಸಿದ್ದು ಆಮದುದಾರರ ಗೋದಾಮಿನಲ್ಲಿ, ಪ್ರದರ್ಶನದ ಮೇಜಿನ ಮೇಲೆ, ಒಂದೇ ನುಸಿ ಹತ್ತಿ ಇಳಿಯುವ ಕಪಾಟಿನ ಸಾಲಿನಲ್ಲಿ.

ಶ್ವಾಸದ ಕಾಯಿಲೆಯ ಕಥೆಯೂ ಇದೇ ದಾರಿಯದು. ಬಾಯಿ ತೆರೆದು ಉಸಿರಾಡುವ, ಲೋಳೆ ಸುರಿಸುವ ಹಾವಿಗೆ ಶಾಖ ಸಾಲದು ಎಂದಷ್ಟೇ ದಶಕಗಳ ಕಾಲ ಹೇಳುತ್ತಿದ್ದರು. 2014ರಲ್ಲಿ ಒಂದಕ್ಕಿಂತ ಹೆಚ್ಚು ತಂಡಗಳು ನ್ಯುಮೋನಿಯಾದಿಂದ ಸತ್ತ ಹೆಬ್ಬಾವುಗಳಲ್ಲಿ ನೀಡೋವೈರಸ್‌ಗಳನ್ನು ಗುರುತಿಸಿದವು. ಇದರಿಂದ ನನ್ನ ವಾದಕ್ಕೆ ಬೇಕಾದ ತಿದ್ದುಪಡಿ ಇಷ್ಟು: ಪೆಟ್ಟಿಗೆ ಎಂದರೆ ಒಬ್ಬ ಒಡೆಯನ ಮನೆಯ ತೊಟ್ಟಿ ಮಾತ್ರ ಅಲ್ಲ. ಹಾವು ಆ ಮನೆಗೆ ಬರುವ ಮುಂಚೆ ಹಾದುಬಂದ ಪೆಟ್ಟಿಗೆಗಳೂ ಲೆಕ್ಕಕ್ಕೆ ಸೇರಬೇಕು. ಕೊಂಡ ವ್ಯಕ್ತಿ ನಿರಪರಾಧಿಯಾಗಿರಬಹುದು; ಅವನ ಹಾವಿನ ಪ್ರಯಾಣ ನಿರಪಾಯವಾಗಿರಲಿಲ್ಲ.

ವ್ಯಾಪಾರ ಹಾವಿನ ಮೈಯೊಳಕ್ಕೂ ಇಳಿಯಿತು. 1992ರಲ್ಲಿ ಅಮೆರಿಕದಲ್ಲಿ ಬಿಳಿಹಳದಿ ಬಣ್ಣದ ಅಲ್ಬಿನೊ ಬಾಲ್ ಪೈಥಾನ್ ಸೆರೆಯಲ್ಲೇ ಹುಟ್ಟಿದ್ದು ಹೊಸ ಉದ್ಯಮವೊಂದಕ್ಕೆ ನಾಂದಿಯಾಯಿತು. ಬಣ್ಣ, ಪಟ್ಟೆ, ಮಚ್ಚೆ ಬದಲಾದ ಪ್ರತಿ ತಳಿಗೂ ಒಂದು ಹೆಸರು, ಒಂದು ಬೆಲೆ. ಹೊಸ ತಳಿಯೊಂದು ಸಾವಿರಾರು ಡಾಲರಿಗೆ ಕೈ ಬದಲಾಯಿಸುತ್ತಿತ್ತು. 1999ರಲ್ಲಿ ಬೆಳಕಿಗೆ ಬಂದ ಸ್ಪೈಡರ್ ಎಂಬ ತಳಿಯ ಮೈಮೇಲೆ ಜೇಡರ ಬಲೆಯಂಥ ತೆಳುಗೆರೆಗಳು, ನೋಡಲು ಅಂದ. ಅದೇ ಜೀನು ಇನ್ನೊಂದನ್ನೂ ತಂದಿತು. ಈ ಹಾವು ಇಲಿಯ ಕಡೆ ತಲೆ ಎತ್ತಿದಾಗ ಕುತ್ತಿಗೆ ನಿಲ್ಲದೆ ಓಲಾಡುತ್ತದೆ. ಉದ್ರೇಕಗೊಂಡಷ್ಟೂ ತಲೆ ತಿರುಪಿನಂತೆ ಸುತ್ತುತ್ತದೆ. ಎರಗಿದರೆ ಗುರಿ ತಪ್ಪುತ್ತದೆ. ಕೆಲವಂತೂ ಮೇಲು ಕೆಳಗು ತಿಳಿಯದೆ ಬೆನ್ನಡಿಯಾಗಿ ಮಲಗಿರುತ್ತವೆ. ಸಾಕುವವರು ಇದನ್ನು ಬರಿಯ ಓಲಾಟ ಎಂದು ಕರೆದು ಸಮಾಧಾನ ಪಟ್ಟರು. 2022ರಲ್ಲಿ ಜರ್ಮನಿಯ ಮಥಿಯಾಸ್ ಸ್ಟಾರ್ಕ್ ಮತ್ತು ಸಂಗಡಿಗರು ಸ್ಪೈಡರ್ ಹಾವುಗಳ ತಲೆಯನ್ನು ಸ್ಕ್ಯಾನ್ ಮಾಡಿ, ಸಮತೋಲ ಕಾಯುವ ಒಳಗಿವಿಯ ನಾಳಗಳೇ ವಿರೂಪಗೊಂಡಿವೆ ಎಂದು ತೋರಿಸಿದರು. ಅಲ್ಲಿಗೆ ವಿವಾದಕ್ಕೆ ಎಡೆಯಿಲ್ಲ. ಈ ಹಾವುಗಳು ತಿನ್ನುತ್ತವೆ, ಮರಿ ಮಾಡುತ್ತವೆ, ಆದ್ದರಿಂದ ನೋವಿಲ್ಲ ಎಂಬುದು ತಳಿಗಾರರ ಉತ್ತರ. ತಿನ್ನುವುದು, ಮರಿ ಮಾಡುವುದು ಬದುಕಿರುವುದರ ಲಕ್ಷಣ. ಹುಟ್ಟಿನಿಂದ ಸಾವಿನವರೆಗೆ ನೆಲ ಯಾವುದೆಂದು ತಿಳಿಯದೆ ತತ್ತರಿಸುವುದು ಸುಖದ ಲಕ್ಷಣವಾಗಲಾರದು. ಉಳಿದ ಕಾಯಿಲೆಗಳಲ್ಲಿ ಅಜ್ಞಾನವನ್ನಾದರೂ ನೆಪವಾಗಿ ಹೇಳಬಹುದು. ಇಲ್ಲಿ ಗೊತ್ತಿದ್ದೂ ಇಂದಿಗೂ ಕೂಡಿಸುತ್ತಾರೆ, ಮಾರುತ್ತಾರೆ. ಈ ಇಡೀ ಚರಿತ್ರೆಯಲ್ಲಿ ನನಗೆ ಕ್ಷಮೆಗೆ ಅರ್ಹವಲ್ಲವೆಂದು ಕಾಣುವುದು ಇದೊಂದೇ.

ಸಾಕಣೆಯ ಪರ ಹೇಳುವವರ ಬಳಿ ಇನ್ನೂ ಎರಡು ವಾದಗಳಿವೆ, ಎರಡರಲ್ಲೂ ಹುರುಳಿದೆ. ಮೊದಲನೆಯದು ಆಯುಸ್ಸು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯಕ್ಕೆ 1961ರಲ್ಲಿ ಸೇರಿದ ಹೆಣ್ಣು ಬಾಲ್ ಪೈಥಾನೊಂದು 2020ರಲ್ಲಿ, ಕನಿಷ್ಠ 62 ವರ್ಷದ ಮುದುಕಿಯಾಗಿ, ಗಂಡಿನ ಸಂಗವಿಲ್ಲದೆ 7 ಮೊಟ್ಟೆ ಇಟ್ಟಿತು. ಕಾಡಿನಲ್ಲಿ ಯಾವ ಹಾವು ಅಷ್ಟು ಕಾಲ ಬಾಳೀತು ಎಂದು ಅವರು ಕೇಳುತ್ತಾರೆ. ಒಳ್ಳೆಯ ಆರೈಕೆ ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ, ನಿಜ. ಆದರೆ ಇದೇ ಸಹಿಷ್ಣುತೆ ಕೆಟ್ಟ ಆರೈಕೆಯನ್ನೂ ವರ್ಷಗಟ್ಟಲೆ ಮುಚ್ಚಿಡುತ್ತದೆ. ನಾಯಿ ನರಳುತ್ತದೆ, ಬೆಕ್ಕು ಕೂಗುತ್ತದೆ. ಹಾವು ಸುಮ್ಮನೆ ಸುರುಳಿ ಸುತ್ತಿಕೊಂಡಿರುತ್ತದೆ. ಆರೋಗ್ಯವಂತ ಹಾವೂ ಹಾಗೇ ಇರುತ್ತದೆ. ಎರಡನೆಯ ವಾದ ಕಪಾಟಿನ ಡಬ್ಬಿಗಳದು. ದೊಡ್ಡ ತಳಿಗಾರರು ನೂರಾರು ಹಾವುಗಳನ್ನು ಡ್ರಾಯರಿನಂಥ ಪ್ಲಾಸ್ಟಿಕ್ ಟಬ್ಬುಗಳಲ್ಲಿ ಇಡುತ್ತಾರೆ. ಬಾಲ್ ಪೈಥಾನ್ ಬಿಲವಾಸಿ, ಇಕ್ಕಟ್ಟು ಕತ್ತಲೆಯೇ ಅದಕ್ಕೆ ಇಷ್ಟ, ವಿಶಾಲ ಜಾಗ ಕೊಟ್ಟರೆ ಹೆದರುತ್ತದೆ ಎಂಬುದು ಅವರ ಸಮರ್ಥನೆ. ಬಿಲ ಬೇಕು ಎಂಬುದು ಸರಿ. ಅಡಗುತಾಣವಿಲ್ಲದ ಬೋಳು ಗಾಜಿನ ತೊಟ್ಟಿ ಹಾವನ್ನು ಹೆದರಿಸುತ್ತದೆ ಎಂಬುದೂ ಸರಿ. ಆದರೆ ಬಿಲಕ್ಕೆ ಬಾಯಿ ಇರುತ್ತದೆ, ರಾತ್ರಿ ಹಾವು ಅದರಿಂದ ಹೊರಗೆ ಹೋಗುತ್ತದೆ. ಚಿಕ್ಕ ಗಂಡುಗಳು ಮರವನ್ನೂ ಹತ್ತುತ್ತವೆ. 2021ರಲ್ಲಿ ಮ್ಯೂನಿಕ್ಕಿನ ಸಂಶೋಧಕರು ಇದೇ ಜಾತಿಯನ್ನು ಕಪಾಟಿನಲ್ಲೂ ಸಜ್ಜುಗೊಳಿಸಿದ ತೊಟ್ಟಿಯಲ್ಲೂ ಇಟ್ಟು ಹೋಲಿಸಿದಾಗ, ತೊಟ್ಟಿಯಲ್ಲಿ ಹಾವುಗಳು ಹತ್ತಿದವು, ದೀಪದಡಿ ಮೈ ಕಾಯಿಸಿದವು, ಉದ್ದಕ್ಕೆ ಚಾಚಿ ಮಲಗಿದವು. ಕಪಾಟಿನಲ್ಲಿ ಇವಕ್ಕೆಲ್ಲ ಜಾಗವೇ ಇಲ್ಲ. ಅವಕಾಶವೇ ಇಲ್ಲದ ಕಡೆ ಹಾವಿಗೆ ಅದು ಬೇಡವಾಗಿದೆ ಎಂದು ತೀರ್ಮಾನಿಸುವುದು ಡುಮೆರಿಲ್ ಮಾಡಿದ ತಪ್ಪನ್ನೇ ಮತ್ತೆ ಮಾಡಿದಂತೆ.

ಈ ಚರಿತ್ರೆ ಈಗ ನಮ್ಮ ಬಾಗಿಲಿಗೂ ಬಂದಿದೆ. ನಮ್ಮ ಕಾಡಿನ ಹೆಬ್ಬಾವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ. ಅದನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ವಿದೇಶಿ ಹಾವುಗಳ ಬಗ್ಗೆ ಬಹುಕಾಲ ಕಾನೂನು ಮೌನವಾಗಿತ್ತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, 2024ರ ಫೆಬ್ರವರಿಯಲ್ಲಿ ನಿಯಮಗಳು ಹೊರಟ ಮೇಲೆ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಬಾಲ್ ಪೈಥಾನಿನಂಥ ಪ್ರಾಣಿ ಮನೆಯಲ್ಲಿದ್ದರೆ ನೋಂದಾಯಿಸುವುದು ಕಡ್ಡಾಯವಾಗಿದೆ. ಕಳ್ಳಸಾಗಣೆ ಮಾತ್ರ ನಿಂತಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಸಾಮಾನಿನೊಳಗೆ ಕಸ್ಟಮ್ಸ್ ಅಧಿಕಾರಿಗಳಿಗೆ 78 ಪ್ರಾಣಿಗಳು ಸಿಕ್ಕವು. ಅವುಗಳಲ್ಲಿ 55 ಬಗೆಬಗೆಯ ಬಣ್ಣದ ಬಾಲ್ ಪೈಥಾನ್‌ಗಳು, 17 ಕಾಳಿಂಗ ಸರ್ಪಗಳು. 6 ಕ್ಯಾಪುಚಿನ್ ಕೋತಿಗಳು ಸತ್ತೇ ಬಂದಿದ್ದವು. ಕೋತಿ, ಕಾಳಿಂಗ, ಹೆಬ್ಬಾವು ಒಂದೇ ಸಾಮಾನಿನಲ್ಲಿ: ಮೇಲೆ ವಿವರಿಸಿದ ವೈರಸ್‌ಗಳು ಖಂಡ ದಾಟುವುದು ಹೀಗೆಯೇ.

ಅದಕ್ಕೇ ಒಂದು ಬಿನ್ನಹ. ಹೊಸದಾಗಿ ಹೆಬ್ಬಾವು ಕೊಳ್ಳಬೇಡಿ. ನೋಡುವ ಆಸೆಯಿದ್ದರೆ ಮೈಸೂರಿನ, ಬನ್ನೇರುಘಟ್ಟದ ಮೃಗಾಲಯಗಳಿವೆ. ಈಗಾಗಲೇ ಮನೆಯಲ್ಲಿದ್ದರೆ ನೋಂದಾಯಿಸಿ. ಅದು ತಿನ್ನದಿದ್ದಾಗ ಬಾಯಿಗೆ ತುರುಕುವ ಮುಂಚೆ ಥರ್ಮಾಮೀಟರ್ ನೋಡಿ: ಬಾಲ್ ಪೈಥಾನಿಗೆ ಬೆಚ್ಚನೆಯ ಬದಿ 31-32 ಡಿಗ್ರಿ, ತಂಪು ಬದಿ 25-27 ಡಿಗ್ರಿ ಬೇಕು, ಎರಡೂ ಬದಿಯಲ್ಲಿ ಅಡಗಲು ಜಾಗ ಬೇಕು. ವಾರಕ್ಕೊಮ್ಮೆ ತೂಕ ಬರೆದಿಡಿ. ಬಾಯಿ ತೆರೆದು ಉಸಿರಾಡಿದರೆ, ತಲೆ ಹಿಂದಕ್ಕೆ ತಿರುಚಿದರೆ ಒಂದು ದಿನವೂ ಕಾಯದೆ ವೈದ್ಯರಿಗೆ ತೋರಿಸಿ, ಬೇರೆ ಹಾವುಗಳಿಂದ ದೂರವಿಡಿ. ಬೇಸರವಾಯಿತೆಂದು ಮಾತ್ರ ಯಾವ ಕಾರಣಕ್ಕೂ ಕೆರೆಯ ಬಳಿಯೋ ಕಾಡಿನಂಚಿನಲ್ಲೋ ಬಿಡಬೇಡಿ; ಅರಣ್ಯ ಇಲಾಖೆಗೆ ಒಪ್ಪಿಸಿ. ಫ್ಲಾರಿಡಾದ ಜೌಗು ಕಾಡಿನಲ್ಲಿ ಸೇರಿಕೊಂಡ ಬರ್ಮಾದ ಹೆಬ್ಬಾವುಗಳು ಅಲ್ಲಿನ ಸಣ್ಣ ಸಸ್ತನಿಗಳನ್ನು ತಿಂದು ಬರಿದು ಮಾಡಿದ್ದಲ್ಲದೆ, ಏಷ್ಯಾದಿಂದ ಹೊತ್ತು ತಂದ ಶ್ವಾಸಕೋಶದ ಪರೋಪಜೀವಿಯನ್ನು ಅಲ್ಲಿಯ ನಾಡಹಾವುಗಳಿಗೂ ಹಂಚಿವೆ.